ಗಿಂಡಿಯಲ್ಲಿ ಡೀಸೆಲ್ ಕುಡಿದ ಜೀಪು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ತಪ್ಪೂ ಮಾಡಿದವರಲ್ಲ. ಇದು ನನ್ನ ಅಭಿಪ್ರಾಯವೆಂದು ತಿಳಿಯಬೇಡಿ, ಸ್ವತಃ ಅವರದೇ ಅಭಿಪ್ರಾಯ! ಎಪ್ಪತ್ತೆರಡು ವರ್ಷಗಳಿಂದ ಅವರು ಇದನ್ನು ಊರಿಗೆಲ್ಲ ಹೇಳುತ್ತ ಬಂದಿದ್ದಾರೆ. ಮೊದಲ ಒಂದೆರಡು ವರ್ಷ ಮಾತು ಬರುತ್ತಿರಲಿಲ್ಲವಾದ್ದರಿಂದ ಬೇಕಾದರೆ ಅಷ್ಟನ್ನು ಕಳೆಯಿರಿ. ಮಳೆ ಬರುವುದಿಲ್ಲ ಎಂದು ಅವರು ಹೇಳಿದ ಮೇಲೂ ಮಳೆ ಬಂದರೆ ತಪ್ಪು ಮಳೆಯದು. ಹತ್ತು ಗಂಟೆಗೆ ಬಸ್ಸು ಎಂದು ಅವರು ಹೇಳಿ, ಅದು ಒಂಬತ್ತೂವರೆಗೇ ಹೋಗಿಬಿಟ್ಟಿದ್ದರೆ ಆ ಡ್ರೈವರನಿಗೆ ಮನೆಯಲ್ಲಿ ಏನೋ ಅವಸರವಿತ್ತು. ಅವರ ಹೆಸರನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ಯಾಕೆಂಬುದು ಕೊನೆಗೆ ನಿಮಗೇ ತಿಳಿಯುತ್ತದೆ. ಸದ್ಯಕ್ಕೆ ಕೋಟದ ಆಸುಪಾಸಿನಲ್ಲಿ ಒಬ್ಬರು ಮಾವ ಇದ್ದಾರೆ, ಅವರ ಹತ್ತಿರ ಒಂದು ಹಳೇ ಜೀಪು ಇದೆ, ನಾನು ಅವರ ಅಳಿಯ, ಬ್ರಹ್ಮಾವರದಲ್ಲಿ ಲೆಕ್ಕದ ಮೇಷ್ಟ್ರು ಎಂದಿಷ್ಟು ತಿಳಿದರೆ ಸಾಕು.

ಮಾವ ಮೂವತ್ತು ವರ್ಷ ಅಕ್ಕಿ ಮಿಲ್ಲೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಆ ಗದ್ದಲದಲ್ಲಿ ಮೂವತ್ತು ವರ್ಷ ನಿಂತರೆ ನನ್ನ, ನಿಮ್ಮ ಕಿವಿ ಏನಾಗಬೇಕು ಹೇಳಿ? ಮಾವನ ಕಿವಿ ಮಾತ್ರ ಅಲ್ಲಿ ವಿದ್ಯೆ ಕಲಿಯಿತು. ಬೇರಿಂಗ್ ಸವೆದ ಸದ್ದು, ಬೆಲ್ಟು ಜಾರುವ ಸದ್ದು, ನಾಳೆ ಕೆಡಲಿರುವ ವಾಲ್ವಿನ ಇವತ್ತಿನ ಸದ್ದು, ಎಲ್ಲವೂ ಅವರಿಗೆ ಬೇರೆ ಬೇರೆಯಾಗಿ ಕೇಳುತ್ತದೆ. ಮಿಲ್ಲು ಮುಚ್ಚಿದ ಮೇಲೂ ಶಿರೂರಿನಿಂದ ಬ್ರಹ್ಮಾವರದವರೆಗೆ ಯಾರ ಗಾಡಿ ಕೆಮ್ಮಿದರೂ ಮಾವನಿಗೆ ಫೋನು ಬರುತ್ತದೆ. ಇವರು ಅಲ್ಲಿಗೆ ಹೋಗುವುದಿಲ್ಲ. ಜಗಲಿಯ ಮೇಲೆ ಕುಳಿತು, ಫೋನನ್ನು ಇಂಜಿನ್ ಹತ್ತಿರ ಹಿಡಿಯಲು ಹೇಳಿ, ಕಣ್ಣು ಮುಚ್ಚಿ ಕೇಳುತ್ತಾರೆ!

ಒಮ್ಮೆ ಬೈಂದೂರಿನ ಕಡೆಯ ಒಬ್ಬರು ತಮ್ಮ ಟಿಲ್ಲರಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ಫೋನ್ ಮಾಡಿದ್ದರು. ಮಾವ ಎರಡು ನಿಮಿಷ ಕೇಳಿ, ಟಿಲ್ಲರಿಗೆ ಏನೂ ಆಗಿಲ್ಲ, ಸುಮ್ಮನೆ ಗದ್ದೆಗೆ ಇಳಿಸಿ, ಆದರೆ ಹಿಂದೆ ಅಡುಗೆಮನೆಯಲ್ಲಿ ಕೂಗುತ್ತಿರುವ ಕುಕ್ಕರಿನ ವಾಷರ್ ಹೋಗಿದೆ, ಅದನ್ನು ಬದಲಿಸಿ ಎಂದರು. ಆ ಕಡೆ ಯಾರೋ ಹೆಂಗಸು ಫೋನ್ ಕಸಿದುಕೊಂಡು, ಮೂರು ತಿಂಗಳಿಂದ ತಾನು ಹೇಳುತ್ತಿದ್ದರೂ ಗಂಡ ಕೇಳಿರಲಿಲ್ಲವೆಂದೂ, ಈಗಲಾದರೂ ಹೇಳಿದಿರಲ್ಲ ಎಂದೂ ಮಾವನಿಗೆ ಉಪಕಾರ ಹೇಳಿದಳಂತೆ. ಇಂಥ ಕಿವಿಗೆ ನಾನು ಕೈ ಮುಗಿಯುವುದು ಬಿಟ್ಟು ಇನ್ನೇನು ಮಾಡಲಿ?

ಇನ್ನು ಜೀಪು. ಯಾವುದೋ ಇಲಾಖೆಯವರು ಸಾಕೆಂದು ಹರಾಜು ಹಾಕಿದಾಗ ಮಾವ ತಂದದ್ದು. ಬಾಗಿಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಣ್ಣ ಯಾವುದೆಂದು ನೋಂದಣಿ ಪುಸ್ತಕ ನೋಡಿಯೇ ತಿಳಿಯಬೇಕು. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಬಂದ ದಿನದಿಂದ ಅರ್ಧದಲ್ಲೇ ನಿಂತಿದೆ. ಬಂಕಿನಿಂದ ತುಂಬಿಸಿಕೊಂಡು ಹೊರಬಂದರೂ ಅರ್ಧ, ಒಂದು ತೊಟ್ಟಿಲ್ಲದೆ ನಿಂತರೂ ಅರ್ಧ! ಅದಕ್ಕಾಗಿ ಮಾವ ಕಸ ಗುಡಿಸುವ ಹಿಡಿಸೂಡಿಯ ಒಂದು ಉದ್ದನೆಯ ಕಡ್ಡಿಯನ್ನು ಸೀಟಿನ ಬಳಿ ಸಿಕ್ಕಿಸಿಟ್ಟಿದ್ದಾರೆ. ಈ ಜೀಪಿನಲ್ಲಿ ಟ್ಯಾಂಕು ಡ್ರೈವರನ ಸೀಟಿನ ಅಡಿಯಲ್ಲೇ. ಪಕ್ಕದಲ್ಲಿ ಮುಚ್ಚಳ. ಗಾಡಿ ನಿಂತಿತೋ, ಮೊದಲು ಮುಚ್ಚಳ ತಿರುಗಿಸಿ, ಕಡ್ಡಿ ಅದ್ದಿ, ಎತ್ತಿ ಬೆಳಕಿಗೆ ಹಿಡಿದು, ಲುಂಗಿಗೆ ಒರೆಸಿ, “ಇತ್ತ್”, ಅಂದರೆ ಇದೆ, ಎನ್ನುತ್ತಾರೆ. ಆಮೇಲೆಯೇ ಬಾನೆಟ್ ಎತ್ತುವುದು. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ದಯವಿಟ್ಟು ಈ ಕಡ್ಡಿಯನ್ನು ನೆನಪಿಟ್ಟುಕೊಳ್ಳಿ.

ಮಾವನಿಗೆ ಕಿವಿಯಾದರೆ ಅತ್ತೆಗೆ ಮೂಗು. ಆ ಮನೆಯಲ್ಲಿ ದೇವರು ಅಂಗಾಂಗಗಳನ್ನು ಹಂಚಿದ್ದೇ ಹಾಗೆ. ಅತ್ತೆಗೆ ಡೀಸೆಲ್ ವಾಸನೆ ಸುತಾರಾಂ ಆಗುವುದಿಲ್ಲ. ಬಸ್ಸು ಹತ್ತಿದರೆ ಎರಡನೇ ಸ್ಟಾಪಿಗೆ ವಾಂತಿ. ಕಾರಿನ ಗಾಜು ಏರಿಸಿದರೆ ಅಲ್ಲಿಯೇ ವಾಂತಿ. ಬಾಗಿಲಿಲ್ಲದ ಈ ಜೀಪೊಂದೇ ಅವರಿಗೆ ಆಗಿಬರುವುದು, ಅದೂ ಮೂಗಿನ ಹತ್ತಿರ ಒಂದು ಲಿಂಬೆಹಣ್ಣು ಹಿಡಿದುಕೊಂಡರೆ. ಅತ್ತೆಗೆ ಶಿರೂರಿನಲ್ಲಿ ಒಬ್ಬಳು ಅಕ್ಕ ಇದ್ದಳು. ತಾಯಿ ಹೋದ ಮೇಲೆ ಅತ್ತೆಯನ್ನು ಸಾಕಿದವಳು ಅವಳೇ. ಎರಡು ತಿಂಗಳಿಗೊಮ್ಮೆ ಮಾವ ಟ್ಯಾಂಕ್ ತುಂಬಿಸಿ, ಲಿಂಬೆಹಣ್ಣಿನ ಸಮೇತ ಅತ್ತೆಯನ್ನು ಶಿರೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದರು.

ಅತ್ತೆಯೂ ರಿಪೇರಿಯಲ್ಲಿ ಏನೂ ಕಡಿಮೆಯವರಲ್ಲ. ಮಾವನದು ಅಂಗಳದಲ್ಲಿ, ಅತ್ತೆಯದು ಅಡುಗೆಮನೆಯಲ್ಲಿ. ಹಲಸಿನ ಕಾಲದಲ್ಲಿ ಮೇಣವನ್ನು ಒಂದು ಕೋಲಿಗೆ ಸುತ್ತಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಎಲ್ಲಾದರೂ ಸೋರಿತೋ, ಕೋಲನ್ನು ಒಲೆಗೆ ಹಿಡಿದು ಬಿಸಿ ಮಾಡುವುದು, ತೂತಿನ ಮೇಲೆ ಹಳೇ ಸೀರೆಯ ಒಂದು ಚೂರು ಇಡುವುದು, ಅದರ ಮೇಲೆ ಮೇಣ ಒತ್ತುವುದು. ಬಕೆಟ್ಟು, ಕೊಡಪಾನ, ಬಚ್ಚಲಿನ ಪೈಪು, ಒಂದು ಸಲ ಮಾವನ ಕೊಡೆ ಕೂಡ! ಆ ಮನೆಯಲ್ಲಿ ಎಲ್ಲಿ ನೋಡಿದರೂ ಕಪ್ಪು ಮೇಣ, ಅದರ ಅಂಚಿನಿಂದ ಇಣುಕುವ ಸೀರೆಯ ಚೂರು. ಮಾವನಿಗೆ ಇದನ್ನು ಕಂಡರೆ ನಗು. ಆದರೆ ಅತ್ತೆ ಮೇಣ ಹಚ್ಚಿದ್ದು ಮತ್ತೆ ಸೋರಿದ್ದನ್ನು ನಾನು ನೋಡಿಲ್ಲ.

ಹೋದ ವರ್ಷ ಹಲಸಿನ ಕಾಲದಲ್ಲಿಯೇ ಅತ್ತೆ, ಜೀಪಿನಲ್ಲಿ ಡೀಸೆಲ್ ವಾಸನೆ ಹೆಚ್ಚಾಗಿದೆ, ತಲೆ ತಿರುಗುತ್ತದೆ, ಸ್ವಲ್ಪ ನೋಡಿ ಎಂದು ಮಾವನಿಗೆ ಎರಡು ಮೂರು ಸಲ ಹೇಳಿದ್ದರು. ಮಾವ ಒಂದು ಸುತ್ತು ಬಂದು, ದೋಷ ಜೀಪಿನಲ್ಲಿಲ್ಲ, ನಿನ್ನ ಮೂಗಿನಲ್ಲಿದೆ ಎಂದು ತೀರ್ಪು ಕೊಟ್ಟರು. ಅತ್ತೆ ಮತ್ತೆ ದೂರಲಿಲ್ಲ. ಮೂಗು ಸರಿಯಾಯಿತು ಎಂದು ಮಾವ ತಿಳಿದುಕೊಂಡರು.

ಜೀಪಿಗೆ ಆ ವಿಚಿತ್ರ ಕಾಯಿಲೆ ಶುರುವಾದದ್ದು ಇದಾದ ಮೇಲೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಗದ್ದೆಗೆ ಎಷ್ಟು ಓಡಾಡಿದರೂ ಏನೂ ಇಲ್ಲ. ಟ್ಯಾಂಕ್ ತುಂಬಿಸಿ ದೂರ ಹೊರಟರೆ ಮಾತ್ರ ಹದಿನೈದಿಪ್ಪತ್ತು ಕಿಲೋಮೀಟರಿಗೆ ಸುಸ್ತಾಗಿ, ಎರಡು ಬಾರಿ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಮಾವ ಕಡ್ಡಿ ಅದ್ದಿ, ಬಾನೆಟ್ ಎತ್ತಿ, ಪೈಪಿನ ಗಾಳಿ ತೆಗೆದು ಚಾಲು ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಮತ್ತೆ ಐದು ಹತ್ತು ಕಿಲೋಮೀಟರಿಗೆ ನಿಲ್ಲುತ್ತಿತ್ತು. ತ್ರಾಸಿಯ ಹತ್ತಿರ ನಿಂತದ್ದೇ ಹೆಚ್ಚಾದ್ದರಿಂದ ಅಲ್ಲಿನ ಹೋಟೆಲಿನವರು, ಸಮುದ್ರ ನೋಡಲು ಬರುವ ಜೀಪು ಬಂತು ಎಂದು ತಮಾಷೆ ಮಾಡುತ್ತಿದ್ದರು.

ಮಾವ ಅದರ ಎದೆಬಡಿತ ಕೇಳಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಇಂಜಿನ್ನಿಗೆ ತಳ್ಳುವ ಪಂಪಿನಲ್ಲಿ ಪ್ರೆಶರ್ ಬೀಳುತ್ತಿದೆ ಎಂದರು. “ಹೊಟ್ಟಿಗ್ ಬಪ್ಪುದ್ ಬತ್ತಾ ಇಲ್ಲ ಮಾಣಿ, ಅದ್ಕೆ ಬಿಕ್ಕತ್.” ನನಗೆ ನಲವತ್ತಾರು ವರ್ಷ, ಇಬ್ಬರು ಮಕ್ಕಳಿದ್ದಾರೆ. ಆದರೂ ಮಾವನಿಗೆ ನಾನು ಮಾಣಿಯೇ.

ಯಾಕೆ ಬೀಳುತ್ತಿದೆ ಎಂಬುದು ಮಾತ್ರ ಮಾವನಿಗೆ ಸಿಗಲಿಲ್ಲ. ಸಿಗುತ್ತದೆ ಬಿಡು ಎಂದು ಉದಾಸೀನ ಮಾಡಿದರು. ಆಷಾಢ ಬಂತು.

ಒಂದು ಬೆಳಿಗ್ಗೆ ಶಿರೂರಿನಿಂದ ಫೋನು. ಅಕ್ಕನಿಗೆ ಉಸಿರು ಸಾಲುತ್ತಿಲ್ಲ, ತಂಗಿಯನ್ನು ಕೇಳುತ್ತಿದ್ದಾಳೆ, ಕೂಡಲೇ ಬನ್ನಿ. ಮಾವ ಟ್ಯಾಂಕ್ ತುಂಬಿಸಿಕೊಂಡು ಹೊರಟರು. ಹೆಮ್ಮಾಡಿಯಲ್ಲಿ ಜೀಪು ನಿಂತಿತು. ತ್ರಾಸಿಯಲ್ಲಿ ನಿಂತಿತು. ಅಲ್ಲಿ ಹಿಂದಿನಿಂದ ಬೈಂದೂರಿನ ಬಸ್ಸು ಬಂತು. ಅತ್ತೆ ಜನ್ಮದಲ್ಲಿ ಮೊದಲ ಬಾರಿಗೆ, ವಾಂತಿಯಾದರೆ ಆಗಲಿ, ಬಸ್ಸಿಗೆ ಹೋಗೋಣ ಎಂದರಂತೆ. ಮಾವ, ಈಗ ಸರಿಯಾಯಿತು, ಇನ್ನು ನಿಲ್ಲುವುದಿಲ್ಲ, ಜೀಪು ಹತ್ತು ಎಂದರಂತೆ. ನಾವುಂದದಲ್ಲಿ ನಿಂತಿತು. ಬೈಂದೂರು ದಾಟಿದ ಮೇಲೆ ಮತ್ತೊಮ್ಮೆ ನಿಂತಿತು. ಅವರು ಶಿರೂರು ಮುಟ್ಟುವ ಅರ್ಧ ಗಂಟೆ ಮೊದಲು ಅಕ್ಕ ಹೋಗಿಬಿಟ್ಟಿದ್ದಳು. ಕೊನೆಯವರೆಗೂ ಜೀಪಿನ ಸದ್ದು ಕೇಳುತ್ತದೆಯೇ ಎಂದು ಮನೆಯವರನ್ನು ವಿಚಾರಿಸುತ್ತಿದ್ದಳಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆಯಲ್ಲ, ಮಾವ. ಒಂದೇ ಸಲ ಹೇಳಿದರು, ನೆಲ ನೋಡುತ್ತ ಹೇಳಿದರು. ಅತ್ತೆ ಜಗಳ ಮಾಡಲಿಲ್ಲ, ಅಳುತ್ತ ಕೂರಲಿಲ್ಲ. ಜೀಪು ಹತ್ತುವುದನ್ನು ಮಾತ್ರ ನಿಲ್ಲಿಸಿದರು. ಈ ವರ್ಷ ಅಕ್ಕನ ವರ್ಷದ ಕಾರ್ಯ ಹತ್ತಿರ ಬಂದಾಗ ಮಾವ ಮೆಲ್ಲಗೆ, ಜೀಪಿನಲ್ಲೇ ಹೋಗೋಣವಾ ಎಂದು ಕೇಳಿದರು. ಆಗ ಅತ್ತೆ ಹೇಳಿದ್ದು ಇಷ್ಟೇ.

“ಅವತ್ ಅದ್ಕೆ ಎಂತ ಆದ್ದ್ ಅಂದ್ ಹೇಳಿ. ಹೇಳ್ರೆ ಹತ್ತತ್ತೆ. ಅಲ್ದಿರೆ ವಾಂತಿ ಮಾಡ್ಕಂಡ್ ಬಸ್ಸಗೇ ಹೋತೆ.”

ಎಲ್ಲರ ಗಾಡಿಯ ಕಾಯಿಲೆಯನ್ನು ಫೋನಿನಲ್ಲಿ ಹೇಳುವವರಿಗೆ ತಮ್ಮ ಅಂಗಳದ ಜೀಪಿನ ಕಾಯಿಲೆ ಹೇಳಲು ಗೊತ್ತಿರಲಿಲ್ಲ. ಕಾರ್ಯಕ್ಕೆ ಐದು ವಾರ ಉಳಿದಿತ್ತು. ಮಾರನೇ ದಿನವೇ ನನಗೆ ಬ್ರಹ್ಮಾವರಕ್ಕೆ ಫೋನು ಬಂತು. ಇನ್ನು ಪ್ರತಿ ಭಾನುವಾರ ಬರಬೇಕು, ಜೀಪು ನೀನೇ ಓಡಿಸಬೇಕು, ಮಾತಾಡಬಾರದು.

ಮೊದಲ ಭಾನುವಾರ ಮಾವ ಅಂಗಳದಲ್ಲಿ ಹಿತ್ತಾಳೆಯ ಗಿಂಡಿಯೊಂದನ್ನು ಹಿಡಿದು ಮೇಲೆ ಕೆಳಗೆ ನೋಡುತ್ತಿದ್ದರು. ಕಾಲು ತೊಳೆಯಲು ಜಗಲಿಯ ಬದಿಯಲ್ಲಿ ಇಟ್ಟಿರುತ್ತಿದ್ದ ಮೂತಿಯ ಗಿಂಡಿ. ಅದರ ಮೂತಿಗೂ ಜೀಪಿನ ಡೀಸೆಲ್ ಪೈಪಿಗೂ ಅಳತೆ ಸರಿಯಾಗಿ ಕೂರುತ್ತದೆ ಎಂಬುದನ್ನು ಕಂಡುಹಿಡಿದ ಮೊದಲ ಮನುಷ್ಯ ನಮ್ಮ ಮಾವನೇ ಇರಬೇಕು! ಟ್ಯಾಂಕಿನ ಸಂಬಂಧವನ್ನೇ ಕಡಿದು, ಮುಂದಿನ ಗಾಜಿನ ಚೌಕಟ್ಟಿಗೆ ಗಿಂಡಿಯನ್ನು ಎತ್ತರದಲ್ಲಿ ಕಟ್ಟಿ, ಡೀಸೆಲ್ ತುಂಬಿಸಿ ಪೈಪು ಇಳಿಬಿಟ್ಟರು. ಮೇಲಿನಿಂದ ತಾನಾಗಿ ಇಳಿಯುವ ಡೀಸೆಲಿನಲ್ಲಿ ಜೀಪು ನಿಲ್ಲದೆ ಓಡಿದರೆ ಇಂಜಿನ್ನೂ ಪಂಪೂ ನಿರಪರಾಧಿಗಳು, ಕಳ್ಳ ಇರುವುದು ಟ್ಯಾಂಕಿನ ಕಡೆ. ಎಷ್ಟು ಸರಳ! ಲೆಕ್ಕದ ಮೇಷ್ಟ್ರಾದ ನನಗೆ ಹೊಳೆದಿತ್ತೇ?

ಹೊರಟೆವು. ನಾನು ಸ್ಟೇರಿಂಗು ಹಿಡಿದಿದ್ದೆ. ಮಾವ ಪಕ್ಕದಲ್ಲಿ ಎದ್ದು ನಿಂತು, ಕ್ಯಾನಿನಿಂದ ಗಿಂಡಿಗೆ ಸ್ವಲ್ಪ ಸ್ವಲ್ಪವೇ ಡೀಸೆಲ್ ಹೊಯ್ಯುತ್ತಿದ್ದರು. ಹೆಗಲ ಮೇಲೆ ಬಿಳಿ ವಸ್ತ್ರ, ಮುಖದಲ್ಲಿ ಏಕಾಗ್ರತೆ. ಹೆಮ್ಮಾಡಿಯಲ್ಲಿ ದನ ಅಡ್ಡ ಬಂತೆಂದು ನಿಲ್ಲಿಸಿದಾಗ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಅಜ್ಜಿ ಹತ್ತಿರ ಬಂದು, ಜೀಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತೀರ್ಥಕ್ಕೆ ಕೈ ಒಡ್ಡಿದರು! ಮಾವ ಗಂಭೀರವಾಗಿ, ಇದು ಜೀಪಿನ ತೀರ್ಥ, ಮನುಷ್ಯರಿಗೆ ಆಗುವುದಿಲ್ಲ ಎಂದು ತಿಳಿಸಿ, ನನಗೆ ಮುಂದೆ ಹೋಗಲು ಹೇಳಿದರು. ಮರವಂತೆ ದಾಟಿ, ಬೈಂದೂರು ಮುಟ್ಟಿ, ತಿರುಗಿ ಕೋಟಕ್ಕೆ ಬಂದರೂ ಜೀಪು ಒಮ್ಮೆಯೂ ಬಿಕ್ಕಲಿಲ್ಲ. ಮನೆಯಲ್ಲಿ ಅತ್ತೆ ಗಿಂಡಿಯನ್ನು ಮೂಸಿ ನೋಡಿ ತೆಂಗಿನ ಬುಡದಲ್ಲಿ ಇಟ್ಟು ಬಂದರು. ಅದು ಈಗಲೂ ಅಲ್ಲಿಯೇ ಇದೆ.

ಎರಡನೇ ಭಾನುವಾರದ ಹೊತ್ತಿಗೆ ಮಾವ ಟ್ಯಾಂಕಿನಿಂದ ಪಂಪಿನವರೆಗಿನ ಪೈಪನ್ನೆಲ್ಲ ಹೊಸತು ಹಾಕಿ, ಡೀಸೆಲ್ ಸೋಸುವ ಜಾಲರಿ ತೊಳೆದು ಇಟ್ಟಿದ್ದರು. ಗ್ಯಾರೇಜಿನಿಂದ ಪ್ರೆಶರ್ ತೋರಿಸುವ ಒಂದು ಗೇಜೂ ಬಂದಿತ್ತು. ಆದರೆ ಅದರ ಪೈಪು ಗಿಡ್ಡ, ಗೇಜು ಬಾನೆಟ್ಟಿನ ಒಳಗೇ ಉಳಿಯಿತು. ಓಡುವ ಜೀಪಿನಲ್ಲಿ ಅದನ್ನು ನೋಡುವುದು ಹೇಗೆ? ಮಾವ ಯೋಚಿಸಲೇ ಇಲ್ಲ. ಬಾನೆಟ್ ಬಿಚ್ಚಿ ಮನೆಯಲ್ಲಿಟ್ಟರು, ಲುಂಗಿ ಮಡಿಚಿ ಕಟ್ಟಿ ಮುಂದಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕುಳಿತರು, ಹೆಗಲ ಮೇಲಿನ ಬೈರಾಸಿನಿಂದ ತಮ್ಮ ಸೊಂಟವನ್ನು ಹೆಡ್‌ಲೈಟಿನ ಕಂಬಿಗೆ ಬಿಗಿದುಕೊಂಡರು! ನಾನು ಸೈಕಲ್ಲಿನ ವೇಗದಲ್ಲಿ ಹೆದ್ದಾರಿಯ ಅಂಚಿನಲ್ಲಿ ಜೀಪು ಓಡಿಸುತ್ತ ನನಗೆ ಗೊತ್ತಿರುವ ದೇವರನ್ನೆಲ್ಲ ಕರೆದೆ.

ಕುಂದಾಪುರಕ್ಕೆ ಮೊದಲೇ ಒಬ್ಬ ಪೊಲೀಸಿನವರು ಬೈಕಿನಲ್ಲಿ ಬಂದು ಅಡ್ಡ ಹಾಕಿದರು. ಘಟ್ಟದ ಮೇಲಿನವರು, ಮಾತಿನಲ್ಲೇ ತಿಳಿಯುತ್ತಿತ್ತು. ಅವರು ಒಂದು ನಿಮಿಷ ಮಾವನನ್ನೂ ಬೈರಾಸನ್ನೂ ನೋಡಿ, “ಏನ್ರೀ ಯಜಮಾನ್ರೇ ಇದು?” ಎಂದರು. ಮಾವ ಗೇಜಿನಿಂದ ಕಣ್ಣು ಕೀಳದೆ, ಪ್ರೆಶರ್ ಬೀಳುವುದನ್ನು ಕಾಯುತ್ತಿದ್ದೇನೆ, ಬಿದ್ದ ಕೂಡಲೇ ಇಳಿಯುತ್ತೇನೆ ಎಂದರು. ಬೀಳುವುದು ಪ್ರೆಶರೋ ನೀವೋ ಎಂದು ಅವರು ಕೇಳಿದ್ದು ನ್ಯಾಯವೇ. ಆದರೆ ಅಷ್ಟರಲ್ಲಿ ಮಾವನ ಕಿವಿ ಅವರ ಬೈಕಿನ ಕಡೆ ತಿರುಗಿತ್ತು. ಚೈನು ಸಡಿಲವಿದೆ, ಇವತ್ತೇ ಬಿಗಿ ಮಾಡಿಸದಿದ್ದರೆ ದಾರಿಯಲ್ಲಿ ಕಳಚುತ್ತದೆ ಎಂದರು. ಪೊಲೀಸಿನವರು ಬಗ್ಗಿ ಚೈನು ಮುಟ್ಟಿ ನೋಡಿ, ಬಿಗಿ ಮಾಡಿಸಲು ಇವತ್ತು ಹೋಗುವವನಿದ್ದೆ, ನಿಮಗೆ ಯಾರು ಹೇಳಿದರು ಎಂದು ಬೆರಗಾದರು. ಸೀಟಿನ ಮೇಲೆ ಕೂತು ಹೋಗಿ ಎಂಬ ಎಚ್ಚರಿಕೆಯೊಂದಿಗೆ ಬಿಟ್ಟರು. ಮಾವ ಸೀಟಿನ ಮೇಲೆ ಕುಳಿತರು, ಮುಂದಿನ ತಿರುವಿನವರೆಗೆ.

ಆ ದಿನ ತಿಳಿದದ್ದು ಇಷ್ಟು. ಹೊರಡುವಾಗ ಗೇಜಿನ ಮುಳ್ಳು ಸರಿಯಾಗಿಯೇ ನಿಲ್ಲುತ್ತದೆ. ಹತ್ತು ಕಿಲೋಮೀಟರಿಗೆ ಸ್ವಲ್ಪ ಇಳಿಯುತ್ತದೆ. ಆಮೇಲೆ ಇಳಿಯುತ್ತ ಇಳಿಯುತ್ತ, ಮಾವ ಕೈ ಎತ್ತುವುದಕ್ಕೂ ಜೀಪು ಬಿಕ್ಕುವುದಕ್ಕೂ ಸರಿಹೋಗುತ್ತದೆ. ಕಡ್ಡಿ ಅದ್ದಿ, ಗಾಳಿ ತೆಗೆದು ಚಾಲು ಮಾಡಿದರೆ ಮುಳ್ಳು ಮತ್ತೆ ಮೊದಲಿನ ಜಾಗದಲ್ಲಿ! ಹೊಸ ಪೈಪು, ತೊಳೆದ ಜಾಲರಿ, ನಿರಪರಾಧಿ ಪಂಪು. ಹಾಗಾದರೆ ಕಳ್ಳ ಯಾರು? ಮಾವ ಊಟ ಕಡಿಮೆ ಮಾಡಿದರು. ಮೂರನೇ ಭಾನುವಾರವೂ ನಾಲ್ಕನೇ ಭಾನುವಾರವೂ ಹೀಗೆಯೇ ಹೋದವು. ಫೋನು ಬಂದರೆ, ಈಗ ಕೇಳಲಾಗುವುದಿಲ್ಲ, ನಾಳೆ ಮಾಡಿ ಎನ್ನುತ್ತಿದ್ದರು. ಒಮ್ಮೆ ನಾನು ಊಟಕ್ಕೆ ಕುಳಿತಿದ್ದಾಗ ಅತ್ತೆ ನನ್ನನ್ನು, ಸಿಕ್ಕಿತೇ ಎಂದು ಕಣ್ಣಿನಲ್ಲೇ ಕೇಳಿದರು. ನಾನು ಇಲ್ಲವೆಂದು ತಲೆ ಆಡಿಸಿದೆ. ಅವರಿಗೆ ಮಾವನ ಮೇಲೆ ಸಿಟ್ಟಿಗಿಂತ ಆ ಜೀಪು ಹತ್ತುವ ಆಸೆಯೇ ಹೆಚ್ಚಿತ್ತೆಂದು ನನಗೆ ಆಗ ಅನ್ನಿಸಿತು.

ಐದನೇ ಭಾನುವಾರ, ಕಾರ್ಯಕ್ಕೆ ನಾಲ್ಕೇ ದಿನ ಇರುವಾಗ, ಜೀಪು ತನ್ನ ಪ್ರೀತಿಯ ತ್ರಾಸಿಯಲ್ಲಿ ನಿಂತಿತು. ಎಡಗಡೆ ಸಮುದ್ರ. ಮಳೆ ಆಗಷ್ಟೇ ಬಿಟ್ಟಿತ್ತು. ಮಾವ ಮಡ್‌ಗಾರ್ಡಿನಿಂದ ಇಳಿಯಲಿಲ್ಲ. ದಣಿದಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ, ಕಡ್ಡಿ ನೀನೇ ಅದ್ದು ಮಾಣಿ ಎಂದರು.

ನಾನು ಮುಚ್ಚಳ ತಿರುಗಿಸಿದೆ. ಅದೇ ಗಳಿಗೆಯಲ್ಲಿ ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಸುಯ್ಯೆಂದು ಒಂದು ಸಣ್ಣ ಸದ್ದು ಕೇಳಿತು. ಉದ್ದಕ್ಕೆ, ಒಳಗೆ ಎಳೆದುಕೊಳ್ಳುವ ಸದ್ದು. ಮಾವನಿಗೆ ಹೇಳಿದೆ. ಎಂಥ ಸದ್ದು, ನನಗೆ ಕೇಳಲಿಲ್ಲವಲ್ಲ ಎಂದರು. ನಾನು ಇಷ್ಟು ಹತ್ತಿರವಿದ್ದು ಕೇಳಿದ್ದನ್ನು ಅವರು ನಂಬಲಿಲ್ಲ. ಅವರಿಗೆ ಕೇಳದ ಸದ್ದು ಇಂಜಿನ್ ಇರುವ ಗಾಡಿಯಲ್ಲಿ ಇರುವುದು ಸಾಧ್ಯವೇ? ಆದರೂ ಮುಚ್ಚಳ ಹಾಕಿ ನಾವುಂದದವರೆಗೆ ಓಡಿಸಲು ಹೇಳಿದರು. ಅಲ್ಲಿ ಜೀಪು ಬಿಕ್ಕಿತು. ಮಾವ ಬಗ್ಗಿ ಕಿವಿ ಹತ್ತಿರ ತಂದರು. ನಾನು ಮುಚ್ಚಳ ತಿರುಗಿಸಿದೆ. ಸುಯ್!

ಮಾವ ನನ್ನ ಮುಖ ನೋಡಿದರು. ಕೇಳಿತಾ ಎಂದು ನಾನು ಕೇಳಿದೆ. ಇಲ್ಲ ಎಂದರು. ಆ ತೆಳು ಸದ್ದನ್ನು ಮಾತ್ರ ಅಕ್ಕಿ ಮಿಲ್ಲು ಯಾವಾಗಲೋ ಅವರಿಂದ ತೆಗೆದುಕೊಂಡುಬಿಟ್ಟಿತ್ತು. ಮುಚ್ಚಳ ಪುನಃ ಬಿಗಿಸಿ, ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಈ ಸಲ ಕಿವಿಯ ಬದಲು ಕೆನ್ನೆ ಇಟ್ಟರು. ಗಾಳಿ ಒಳಗೆ ನುಗ್ಗುವುದು ಕೆನ್ನೆಗೆ ತಾಗಿತು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬರುತ್ತದೆಯೇ? ಇಲ್ಲ. ಗಾಳಿ ಒಳಹೋಗಲು ಇನ್ನೊಂದು ತೂತು ಬೇಕೆಂದು ಅಡುಗೆಮನೆಯಲ್ಲಿರುವ ಎಲ್ಲರಿಗೂ ಗೊತ್ತು. ಜೀಪಿನ ಟ್ಯಾಂಕಿಗೆ ಆ ಇನ್ನೊಂದು ತೂತು ಇರುವುದು ಮುಚ್ಚಳದಲ್ಲಿ, ಸಾಸಿವೆ ಕಾಳಿನಷ್ಟು. ಅದು ಮುಚ್ಚಿಹೋದರೆ ಟ್ಯಾಂಕ್ ಬಿಗಿದುಕೊಂಡು ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ತುಂಬಿದ ಟ್ಯಾಂಕ್ ಬೇಗ ಬಿಗಿಯುತ್ತದೆ, ಮುಕ್ಕಾಲು ಖಾಲಿ ಇರುವುದು ಪೇಟೆ ಸುತ್ತಿ ಬರುವವರೆಗೂ ತಾಳುತ್ತದೆ. ಜೀಪು ನಿಂತಾಗಲೆಲ್ಲ ಮಾವ ಮೊದಲು ಮಾಡುತ್ತಿದ್ದದ್ದೇನು? ಮುಚ್ಚಳ ತೆಗೆದು ಕಡ್ಡಿ ಅದ್ದುವುದು! ಕಾಯಿಲೆ ಅಲ್ಲಿಯೇ ವಾಸಿಯಾಗುತ್ತಿತ್ತು. ಆಮೇಲೆ ಬಾನೆಟ್ ಎತ್ತಿ ಮಾಡಿದ ವಿದ್ಯೆಯಿಂದ ವಾಸಿಯಾಯಿತೆಂದು ಅವರು ಒಂದು ವರ್ಷ ನಂಬಿದ್ದರು. ದಿನಾ ಮುಟ್ಟುವ ಮುಚ್ಚಳವನ್ನು ಯಾರು ತಾನೇ ನೋಡುತ್ತಾರೆ?

ಸಿಕ್ಕಿತು ಎಂದು ನಾನು ಕುಣಿಯುವುದೊಂದು ಬಾಕಿ. ಮಾವ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಮೇಲಿನ ಮಸಿಯನ್ನು ಲುಂಗಿಯಿಂದ ಒರೆಸಿದರು. ಕೆಳಗೆ ಕಪ್ಪಗೆ, ಗಟ್ಟಿಯಾಗಿ, ನುಣುಪಾಗಿ ಒತ್ತಿದ ಹಲಸಿನ ಮೇಣ. ಅದರ ಅಂಚಿನಿಂದ ಇಣುಕುತ್ತಿದ್ದ ನೀಲಿ ಸೀರೆಯ ಒಂದು ಚೂರು.

ಮಾವ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟರು. ವಾಸನೆ ಬರುತ್ತದೆ ಎಂದು ಅವಳು ಹೇಳಿದ್ದು, ಮೂಗಿನ ದೋಷ ಎಂದು ತಾವು ಹೇಳಿದ್ದು, ಅಕ್ಕನ ಮನೆಯ ದಾರಿ, ಆ ಬಸ್ಸು, ಎಲ್ಲವೂ ಅವರ ಕಣ್ಣ ಮುಂದೆ ಬಂದಿರಬೇಕು. ನನ್ನ ಕಣ್ಣ ಮುಂದೆಯೂ ಬಂತು. ಎಂತ ಆದದ್ದು ಎಂದು ಹೇಳಿ, ಆಮೇಲೆ ಹತ್ತುತ್ತೇನೆ ಎಂದವರು ಅತ್ತೆ. ಹೇಳುವುದು ಹೇಗೆ?

“ಮಾಣಿ,” ಎಂದರು ಕೊನೆಗೆ, “ನೀನ್ ಎಂತದೂ ಕಂಡದ್ದಿಲ್ಲ.”

ಮುಚ್ಚಳ ಸಡಿಲವಾಗಿ ಹಾಕಿಕೊಂಡು ಮನೆಗೆ ಬಂದೆವು. ಮೇಣವನ್ನು ಉಗುರಿನಿಂದ ಕಿತ್ತರೆ ಕೆಲಸ ಮುಗಿಯುತ್ತಿತ್ತು. ನಾನು ಹಾಗೆಂದೆ. ಬೇಡ, ಅವಳು ನೋಡುತ್ತಾಳೆ ಎಂದರು. ಮಾರನೇ ದಿನವಿಡೀ ಟ್ಯಾಂಕ್ ಕೆಳಗಿಳಿಸಿ, ಅದರ ಮೇಲ್ಭಾಗದಲ್ಲಿ ಹೊಸ ತೂತು ಕೊರೆದು, ತಾಮ್ರದ ಸಪೂರ ಕೊಳವೆಯೊಂದನ್ನು ಸೀಟಿನ ಹಿಂದಿನಿಂದ ಸುತ್ತಿಸಿ ಜೀಪಿನ ಹಿಂತುದಿಯವರೆಗೆ ಎಳೆದರಂತೆ. ಗಾಳಿಯೂ ಆಡಬೇಕು, ವಾಸನೆಯೂ ಮುಂದೆ ಬರಬಾರದು. ಮೂಗಿನ ದೂರಿಗೆ ಒಂದು ವರ್ಷ ತಡವಾಗಿ ಆದ ರಿಪೇರಿ ಅದು.

ಕಾರ್ಯದ ಹಿಂದಿನ ದಿನ ಶಾಲೆಗೆ ರಜೆ ಹಾಕಿ ನಾನೂ ಹೋದೆ. ಅತ್ತೆ ಅಡುಗೆಮನೆಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ಮೇಣದ ಕೋಲು. ಮಾವ ಬಾಗಿಲಲ್ಲಿ ನಿಂತರು. ಇಂಜಿನ್ ಮುಂದೆ ಒಂದು ದಿನವೂ ನಡುಗದ ಮನುಷ್ಯ ಬೈರಾಸನ್ನು ಹಿಂಡುತ್ತಿದ್ದರು.

“ಹ್ವಾಯ್, ಸಿಕ್ತ್. ಪಂಪಿನ ಒಳ್ಗಿನ್ ಸ್ಪ್ರಿಂಗ್ ನಾನೇ ತಿರ್ಗಾಮುರ್ಗಾ ಹಾಕಿದ್ದೆ. ನಂದೇ ತಪ್ಪ್.”

ಅತ್ತೆಯ ಕೈ ನಿಂತಿತು. ಅವರು ತಲೆ ಎತ್ತಲಿಲ್ಲ. “ಅವತ್ ಬಸ್ಸ್ ಬಂದಿತ್,” ಎಂದರು.

“ಬಂದಿತ್. ಹತ್ತುದ್ ಬೇಡ ಅಂದವ ನಾನೇ.”

ಮೊದಲನೆಯದು ಶುದ್ಧ ಸುಳ್ಳು, ಎರಡನೆಯದು ಶುದ್ಧ ಸತ್ಯ. ಎರಡನ್ನೂ ಮಾವ ಒಂದೇ ದನಿಯಲ್ಲಿ ಹೇಳಿದರು. ನಾನು ಆ ಮನುಷ್ಯನ ಕಿವಿಗೆ ಜೀವಮಾನವೆಲ್ಲ ಬೆರಗಾದವನು. ಆವತ್ತು ಬೆರಗಾದದ್ದು ಅವರ ಬಾಯಿಗೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ತೊಳೆ ಬಿಡಿಸಿದರು. “ಅಷ್ಟ್ ದೊಡ್ಡ ಮಂಡೆ ಇಟ್ಕಂಡ್ ಒಂದ್ ಸ್ಪ್ರಿಂಗ್ ಹಾಕುಕೆ ಬತ್ತಿಲ್ಯಾ ನಿಮ್ಗೆ?” ಎಂದು ಆ ತೊಳೆಯನ್ನು ಮಾವನ ಕೈಗೆ ಕೊಟ್ಟರು.

ಅತ್ತೆ ಓದುವುದು ಪಂಚಾಂಗವೊಂದನ್ನೇ. ಹಾಗಾಗಿ ಇದು ಅವರ ಕಣ್ಣಿಗೆ ಬೀಳುವ ಭಯ ನನಗಿಲ್ಲ. ಆದರೂ ಹೆಸರು ಬರೆಯಲಿಲ್ಲ. ನೀವು ಕೋಟದ ಕಡೆ ಬಂದಾಗ ಬಾಗಿಲಿಲ್ಲದ ಜೀಪನ್ನು ಕಂಡರೆ ದಯವಿಟ್ಟು ಸ್ಪ್ರಿಂಗಿನ ಬಗ್ಗೆಯೇ ಮಾತಾಡಿ. ಊರಿನವರೆಲ್ಲ ಅದನ್ನೇ ಮಾತಾಡುತ್ತಾರೆ. ಎಪ್ಪತ್ತೆರಡು ವರ್ಷ ತಪ್ಪು ಮಾಡದ ಮಾವ ಸ್ಪ್ರಿಂಗ್ ಉಲ್ಟಾ ಹಾಕಿದ್ದರು ಎಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಗುತ್ತಾರೆ. ಮಾವ ತಾವೂ ನಗುತ್ತಾರೆ.

ಕಾರ್ಯದ ದಿನ ಬೆಳಿಗ್ಗೆ ಹೊರಟೆವು. ಹತ್ತುವ ಮೊದಲು ಅತ್ತೆ ಏನೋ ಮರೆತವರಂತೆ ಜೀಪನ್ನು ಸುತ್ತಿ ಡ್ರೈವರನ ಕಡೆಗೆ ಹೋದರು. ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿ, ಮೇಣ ಸರಿಯಾಗಿ ಕೂತಿದೆಯೇ ಎಂದು ನೋಡಿ, ಸಮಾಧಾನದಿಂದ ಬಂದು ಕುಳಿತು ಲಿಂಬೆಹಣ್ಣು ಹಿಡಿದುಕೊಂಡರು. ಮಾವನೂ ನಾನೂ ಆಗ ಆಕಾಶ ನೋಡುತ್ತಿದ್ದೆವು. ಏನಾದರೂ ಹೇಳಬೇಕಲ್ಲ ಎಂದು ಮಾವ, ಇವತ್ತು ಮಳೆ ಬರುವುದಿಲ್ಲ ಎಂದರು.

ಕೋಟ ದಾಟುವಷ್ಟರಲ್ಲಿ ಮಳೆ ಹೊಯ್ಯಿತು. ಬಾಗಿಲಿಲ್ಲದ ಜೀಪಿನಲ್ಲಿ ಮೂವರೂ ತೊಯ್ದೆವು. ಅತ್ತೆ ಮುಖ ಒರೆಸಿಕೊಳ್ಳುತ್ತ, ಹೌದಾ, ಈಗ ಇದು ಯಾರ ತಪ್ಪು ಎಂದು ಕೇಳಿದರು.

“ನಂದೇ,” ಎಂದರು ಮಾವ. ಜೀಪು ತ್ರಾಸಿಯಲ್ಲಿ ನಿಲ್ಲಲಿಲ್ಲ.